ಕೊಡುವವರಿಗೆ ಮರೆ, ಪಡೆಯುವವರಿಗೆ ಲೆಕ್ಕ: ಅನಾಮಧೇಯ ಡಿಜಿಟಲ್ ನಗದಿನಲ್ಲಿ ಅಪರಾಧ ತಡೆಯುವ ಬಗೆ

2013ರ ಮೇ ತಿಂಗಳಲ್ಲಿ ಅಮೆರಿಕದ ಅಧಿಕಾರಿಗಳು ಲಿಬರ್ಟಿ ರಿಸರ್ವ್ ಎಂಬ ಡಿಜಿಟಲ್ ಹಣದ ಕಂಪನಿಯನ್ನು ಮುಚ್ಚಿಸಿದರು. ಕೋಸ್ಟರಿಕಾದಿಂದ ನಡೆಯುತ್ತಿದ್ದ ಈ ವ್ಯವಸ್ಥೆಗೆ 10 ಲಕ್ಷಕ್ಕೂ ಹೆಚ್ಚು ಬಳಕೆದಾರರಿದ್ದರು, ಸುಮಾರು 5.5 ಕೋಟಿ ವಹಿವಾಟು ನಡೆದಿತ್ತು, 600 ಕೋಟಿ ಡಾಲರಿನಷ್ಟು ಅಕ್ರಮ ಹಣ ಅದರ ಮೂಲಕ ಹರಿದಿತ್ತು ಎಂದು ದೋಷಾರೋಪ ಪಟ್ಟಿ ಹೇಳಿತು. ಮಾರುವೇಷದ ತನಿಖಾಧಿಕಾರಿಯೊಬ್ಬರು ಹೆಸರು 'ಜೋ ಬೋಗಸ್', ವಿಳಾಸ '123 ಫೇಕ್ ಮೇನ್ ಸ್ಟ್ರೀಟ್' ಎಂದು ಬರೆದು ಅಲ್ಲಿ ಖಾತೆ ತೆರೆದಿದ್ದರು. ಯಾರೂ ತಡೆಯಲಿಲ್ಲ.

ಅನಾಮಧೇಯ ಹಣ ಅಂದರೆ ಅಪರಾಧಿಗಳ ಹಣ ಎನ್ನುವವರು ಈ ಪ್ರಕರಣವನ್ನು ಆಗಾಗ ಎತ್ತುತ್ತಾರೆ. ಆದರೆ ಲಿಬರ್ಟಿ ರಿಸರ್ವ್‌ನಲ್ಲಿ ಗೂಢಲಿಪಿಯ ಯಾವ ಕೌಶಲವೂ ಇರಲಿಲ್ಲ. ಯಾವ ಖಾತೆಯಿಂದ ಯಾವ ಖಾತೆಗೆ ಎಷ್ಟು ಹೋಯಿತು ಎಂಬುದು ಕಂಪನಿಯ ಸರ್ವರ್‌ನಲ್ಲೇ ಇತ್ತು. ಖಾತೆಯ ಹಿಂದೆ ಇರುವ ಮನುಷ್ಯ ಯಾರೆಂದು ಮಾತ್ರ ಯಾರೂ ಪರಿಶೀಲಿಸಿರಲಿಲ್ಲ. ಹಣ ಒಳತರುವ, ಹೊರತೆಗೆಯುವ ಕೆಲಸವನ್ನೂ ಬೇರೆ ಬೇರೆ ದೇಶಗಳ ವಿನಿಮಯದಾರರಿಗೆ ವಹಿಸಿ ಕಂಪನಿ ಬ್ಯಾಂಕುಗಳ ದಾಖಲೆಯಿಂದ ತಪ್ಪಿಸಿಕೊಂಡಿತ್ತು.

ಹಾಗಾಗಿ ಎರಡು ಸಂಗತಿಗಳನ್ನು ಮೊದಲೇ ಬಿಡಿಸಿಟ್ಟುಕೊಳ್ಳಬೇಕು. ಒಂದು, ಹೆಸರಿಲ್ಲದ ಖಾತೆ: ಯಾರೆಂದು ಕೇಳದೆ ಹಣ ಇಟ್ಟುಕೊಳ್ಳಲು, ಪಡೆಯಲು ಬಿಡುವುದು. ಇನ್ನೊಂದು, ಕೊಂಡಿ ಕಾಣದ ಪಾವತಿ: ಹಣ ತೆಗೆದವರು ಯಾರು, ಜಮಾ ಮಾಡಿದವರು ಯಾರು ಎಂಬುದೆರಡೂ ಬ್ಯಾಂಕಿಗೆ ಗೊತ್ತು, ಯಾರು ತೆಗೆದದ್ದು ಯಾರಿಗೆ ಹೋಯಿತು ಎಂಬುದಷ್ಟೇ ಗೊತ್ತಿಲ್ಲ. ಮೊದಲನೆಯದು ಅಪರಾಧಕ್ಕೆ ಹೇಳಿ ಮಾಡಿಸಿದಂತಿದೆ. ಎರಡನೆಯದನ್ನು ಸರಿಯಾಗಿ ಕಟ್ಟಿದರೆ ಅಪರಾಧಿಗೆ ದಕ್ಕುವುದು ಅಲ್ಪ, ಸಾಮಾನ್ಯ ಜನರಿಗೆ ದಕ್ಕುವ ರಕ್ಷಣೆ ದೊಡ್ಡದು. ಕೇಂದ್ರ ಬ್ಯಾಂಕುಗಳು ಹೊರಡಿಸುವ ಡಿಜಿಟಲ್ ರೂಪಾಯಿ, ಡಿಜಿಟಲ್ ಯೂರೊಗಳ ಚರ್ಚೆಯಲ್ಲಿ ಇವೆರಡೂ ಕಲಸಿಹೋಗಿವೆ. ಪರಿಣಾಮವಾಗಿ, ಪ್ರತಿಯೊಬ್ಬರ ಪ್ರತಿ ಪಾವತಿಯನ್ನೂ ದಾಖಲಿಸಿದರೆ ಮಾತ್ರ ಅಪರಾಧ ನಿಲ್ಲುತ್ತದೆ ಎಂಬ ನಂಬಿಕೆ ಬೇರೂರಿದೆ. ಅಪರಾಧದ ಹಣ ಸಿಕ್ಕಿಬೀಳುವುದು ಹೆಚ್ಚಾಗಿ ಪಡೆಯುವಲ್ಲಿ ಮತ್ತು ನಗದಾಗಿಸುವಲ್ಲಿ. ಕಾವಲನ್ನು ಅಲ್ಲಿಡಬೇಕು, ಹಣದ ವಿನ್ಯಾಸ ಆಗುವ ಹೊತ್ತಿಗೇ ಇಡಬೇಕು.

ಸಹಿ ಹಾಕಿದ ಬ್ಯಾಂಕಿಗೇ ಗುರುತು ಸಿಗದ ನೋಟು

ಕೊಂಡಿ ಕಾಣದ ಪಾವತಿಯ ಮೂಲ, ಅಮೆರಿಕದ ಗೂಢಲಿಪಿ ತಜ್ಞ ಡೇವಿಡ್ ಚೌಮ್ 1982ರಲ್ಲಿ ಮಂಡಿಸಿದ ಬ್ಲೈಂಡ್ ಸಿಗ್ನೇಚರ್ ವಿಧಾನ. ಕಾರ್ಬನ್ ಹಾಳೆಯ ಲಕೋಟೆಯೊಳಗೆ ಚೀಟಿ ಇಟ್ಟು ಮೇಲೆ ಸಹಿ ಹಾಕಿಸಿದರೆ ಒಳಗಿನ ಚೀಟಿಗೂ ಸಹಿ ಮೂಡುತ್ತದೆ, ಚೀಟಿಯಲ್ಲಿ ಏನಿದೆ ಎಂಬುದು ಸಹಿ ಹಾಕಿದವರಿಗೆ ತಿಳಿಯುವುದಿಲ್ಲ. ಇದರ ಗಣಿತವನ್ನು ಚಿಕ್ಕ ಸಂಖ್ಯೆಗಳಲ್ಲಿ ಮಾಡಿ ನೋಡಬಹುದು.

ಬ್ಯಾಂಕಿನ ಬಹಿರಂಗ ಸಂಖ್ಯೆಗಳು 55 ಮತ್ತು 3, ಗುಟ್ಟಿನ ಘಾತ 27 ಎಂದಿರಲಿ. ಯಾವ ಲೆಕ್ಕ ಮಾಡಿದರೂ 55ರಿಂದ ಭಾಗಿಸಿ ಶೇಷವನ್ನಷ್ಟೇ ಇಟ್ಟುಕೊಳ್ಳಬೇಕು. ನಿಮ್ಮ ವಾಲೆಟ್ ತಾನೇ ಆರಿಸಿಕೊಂಡ ನೋಟಿನ ಕ್ರಮಸಂಖ್ಯೆ 12, ಅದನ್ನು ಮರೆಮಾಡಲು ಆರಿಸಿದ ಗುಟ್ಟಿನ ಸಂಖ್ಯೆ 2. ವಾಲೆಟ್ 2ರ ಘನವಾದ 8ರಿಂದ 12ನ್ನು ಗುಣಿಸುತ್ತದೆ: 96, ಶೇಷ 41. ಬ್ಯಾಂಕಿಗೆ ಹೋಗುವುದು ಈ 41 ಮಾತ್ರ. ಬ್ಯಾಂಕು ನಿಮ್ಮ ಖಾತೆಯಿಂದ ಹಣ ಕಳೆದು, 41ರ 27ನೇ ಘಾತದ ಶೇಷವಾದ 46ನ್ನು ಸಹಿಯಾಗಿ ಮರಳಿಸುತ್ತದೆ. ವಾಲೆಟ್ ಅದನ್ನು 2ರಿಂದ ಭಾಗಿಸುತ್ತದೆ: 23. ಈಗ 12 ಎಂಬ ನೋಟಿಗೆ 23 ಎಂಬ ಸಹಿ ಸಿಕ್ಕಿತು. ಅಂಗಡಿಯವರು 23ರ ಘನ 12,167ನ್ನು 55ರಿಂದ ಭಾಗಿಸಿದರೆ ಶೇಷ 12 ಬರುತ್ತದೆ. ಸಹಿ ಅಸಲಿ ಎಂದಾಯಿತು. ಹಣ ತೆಗೆಯುವಾಗ ಬ್ಯಾಂಕು ಕಂಡದ್ದು 41 ಮತ್ತು 46, ಜಮಾಕ್ಕೆ ಬಂದದ್ದು 12 ಮತ್ತು 23. ಇವನ್ನು ಜೋಡಿಸಲು ಬೇಕಾದ 2 ಎಂಬ ಗುಟ್ಟು ನಿಮ್ಮ ವಾಲೆಟ್ ಬಿಟ್ಟು ಬೇರೆಲ್ಲೂ ಇಲ್ಲ.

ನಿಜ ವ್ಯವಸ್ಥೆಯಲ್ಲಿ 55ರ ಜಾಗದಲ್ಲಿ 2048 ಬಿಟ್‌ನಷ್ಟೋ ಅದಕ್ಕೂ ಹೆಚ್ಚೋ ಉದ್ದದ ಸಂಖ್ಯೆ ಇರುತ್ತದೆ. ಕ್ರಮಸಂಖ್ಯೆಯನ್ನು ಹ್ಯಾಶ್ ಮಾಡಿಯೇ, ಅಂದರೆ ಹಿಂದಿರುಗಿಸಲಾಗದಂತೆ ಕಲಸಿಯೇ, ಸಹಿಗೆ ಕಳಿಸಬೇಕು, ಇಲ್ಲವಾದರೆ ಎರಡು ನೋಟುಗಳ ಸಂಖ್ಯೆಗಳನ್ನೂ ಸಹಿಗಳನ್ನೂ ಗುಣಿಸಿ ಮೂರನೆಯ 'ಅಸಲಿ' ನೋಟನ್ನು ಮನೆಯಲ್ಲೇ ಹುಟ್ಟಿಸಬಹುದು. ಬ್ಯಾಂಕು ಕಣ್ಣುಮುಚ್ಚಿ ಸಹಿ ಹಾಕುವುದರಿಂದ ನೋಟಿನ ಮೇಲೆ ಬೆಲೆ ಬರೆಯುವಂತಿಲ್ಲ. 500ಕ್ಕೆ ಒಂದು ಕೀಲಿ (ಸಹಿ ಹಾಕುವ ಗುಟ್ಟಿನ ಸಂಖ್ಯೆ), 100ಕ್ಕೆ ಇನ್ನೊಂದು ಕೀಲಿ, ಹೀಗೆ ಯಾವ ಕೀಲಿಯ ಸಹಿಯೋ ಅದೇ ಬೆಲೆ. ನಕಲು ಮಾಡಿ ಎರಡು ಸಲ ಖರ್ಚು ಮಾಡುವುದನ್ನು ತಡೆಯಲು ಜಮಾ ಆದ ಪ್ರತಿ ಕ್ರಮಸಂಖ್ಯೆಯ ಪಟ್ಟಿಯನ್ನು ಬ್ಯಾಂಕು ಇಟ್ಟುಕೊಳ್ಳುತ್ತದೆ, ಪಾವತಿಯ ಹೊತ್ತಿನಲ್ಲೇ ಅದನ್ನು ನೋಡುತ್ತದೆ.

ಚೌಮ್ ಕಟ್ಟಿದ ಡಿಜಿಕ್ಯಾಶ್ ಕಂಪನಿಯ ಈ ಹಣವನ್ನು 1995ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದ ಮಾರ್ಕ್ ಟ್ವೇನ್ ಬ್ಯಾಂಕು ಗ್ರಾಹಕರಿಗೆ ಕೊಡಲು ಶುರುಮಾಡಿತು. 1998ರಲ್ಲಿ ಕಂಪನಿ ದಿವಾಳಿಯಾಯಿತು, ವಿಧಾನ ಉಳಿಯಿತು. ಇಂದು ಗ್ನೂ ಟೇಲರ್ ಎಂಬ ಮುಕ್ತ ತಂತ್ರಾಂಶ ಇದೇ ತಳಹದಿಯ ಮೇಲೆ ನಿಂತಿದೆ. 2021ರಲ್ಲಿ ಚೌಮ್, ಕ್ರಿಶ್ಚಿಯನ್ ಗ್ರೋಥಾಫ್, ಥಾಮಸ್ ಮೋಸರ್ ಸೇರಿ ಕೇಂದ್ರ ಬ್ಯಾಂಕೊಂದು ಇದನ್ನು ಹೇಗೆ ಹೊರಡಿಸಬಹುದೆಂದು ಸ್ವಿಸ್ ನ್ಯಾಷನಲ್ ಬ್ಯಾಂಕಿನ ಪ್ರಬಂಧದಲ್ಲಿ ವಿವರಿಸಿದರು. ಅಂತರರಾಷ್ಟ್ರೀಯ ಹಣಪಾವತಿ ಬ್ಯಾಂಕು, ಅಂದರೆ ಬಿಐಎಸ್, 2023ರಲ್ಲಿ ಟುರ್ಬಿಯಾನ್ ಯೋಜನೆಯಡಿ ಮಾದರಿ ಕಟ್ಟಿ ಪರೀಕ್ಷಿಸಿತು. ಇವೆಲ್ಲದರ ನಿಯಮ ಒಂದೇ: ಕೊಡುವವರು ಅನಾಮಧೇಯರು, ಪಡೆಯುವವರು ತಮ್ಮ ಬ್ಯಾಂಕಿಗೆ ಪರಿಚಿತರು.

ಈ ನಿಯಮ ಅಪರಾಧಿಗೆ ಏಕೆ ಕಷ್ಟ ಎಂಬುದು ನೋಟಿನ ಓಡಾಟದಲ್ಲಿದೆ. ಟೇಲರ್ ಮಾದರಿಯಲ್ಲಿ ನೋಟು ಕೈಯಿಂದ ಕೈಗೆ ಸುತ್ತುವುದಿಲ್ಲ. ಅಂಗಡಿಗೆ ತಲುಪಿದ ನೋಟು ನೇರ ಜಮಾ ಆಗಿ ಅಂಗಡಿಯ ಬ್ಯಾಂಕ್ ಖಾತೆಗೆ ಹಣವಾಗಿ ಸೇರುತ್ತದೆ. ಮಾದಕ ವಸ್ತು ಮಾರುವವನು ಗಿರಾಕಿಗಳಿಂದ ಈ ಹಣ ಪಡೆದರೆ ಅವನ ಹೆಸರಿನ ಖಾತೆಯಲ್ಲಿ ಅಷ್ಟೂ ಆದಾಯ ಕಾಣುತ್ತದೆ. ಗಿರಾಕಿ ಇಡೀ ವಾಲೆಟ್ ಫೈಲನ್ನೇ ಕಳಿಸಿಕೊಡಬಹುದಲ್ಲ ಎಂದು ಕೇಳಬಹುದು. ಕಳಿಸಬಹುದು, ಆದರೆ ಕಳಿಸಿದವನ ಬಳಿಯೂ ಪ್ರತಿ ಉಳಿಯುತ್ತದೆ, ಮೊದಲು ಖರ್ಚು ಮಾಡಿದವನಿಗೆ ಹಣ. ಗಂಡ ಹೆಂಡತಿಯ ನಡುವೆ ನಡೆಯುವ ಈ ವ್ಯವಹಾರ ಅಪರಿಚಿತ ಮಾರಾಟಗಾರ ಮತ್ತು ಗಿರಾಕಿಯ ನಡುವೆ ನಡೆಯುವುದಿಲ್ಲ. ಚಿಲ್ಲರೆಗೂ ಇದೇ ಎಚ್ಚರ ಬೇಕು. 500ರ ನೋಟು ಕೊಟ್ಟು 340ರ ಸಾಮಾನು ಕೊಂಡರೆ ಉಳಿದ 160ಕ್ಕೆ ಹೊಸ ನೋಟುಗಳು ಬೇಕು. ಅವನ್ನು ಬೇರೊಬ್ಬರ ವಾಲೆಟ್‌ಗೆ ತೆಗೆಯಲು ಬಿಟ್ಟರೆ ಗುಟ್ಟಿನ ವರ್ಗಾವಣೆಗೆ ಹಿಂಬಾಗಿಲು ತೆರೆದಂತೆ. ಅದಕ್ಕೇ ಟೇಲರ್‌ನಲ್ಲಿ ಹಳೆಯ ನೋಟಿನ ಗುಟ್ಟು ಇರುವವರು ಹೊಸ ನೋಟಿನ ಗುಟ್ಟನ್ನೂ ಲೆಕ್ಕ ಹಾಕಿ ತೆಗೆಯಬಹುದಾದ ಕೊಂಡಿ ಇಟ್ಟಿದ್ದಾರೆ.

ಮೋಸ ಹೋದವರ ಕೈಯಲ್ಲಿ ಸಾಕ್ಷಿ

ಡಿಜಿಟಲ್ ಅರೆಸ್ಟ್, ನಕಲಿ ಹೂಡಿಕೆ ಆ್ಯಪ್, ಪಾರ್ಸೆಲ್ ಹೆಸರಿನ ಬೆದರಿಕೆ. ಬೆಂಗಳೂರಿನ ಸೈಬರ್ ಠಾಣೆಗಳಿಗೆ ಬರುವ ಇಂಥ ದೂರುಗಳಲ್ಲಿ ಹಣ ಕೊಟ್ಟವರೇ ಬಾಧಿತರು. ಅವರು ತಮ್ಮ ಗುರುತು ಮುಚ್ಚಿಡಲು ಬಯಸುವುದಿಲ್ಲ, ಮರುಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ಎಲ್ಲವನ್ನೂ ಹೇಳಲು ಸಿದ್ಧರಿರುತ್ತಾರೆ. ಮೇಲಿನ ಲೆಕ್ಕದ 2 ಎಂಬ ಗುಟ್ಟು ಅವರ ವಾಲೆಟ್‌ನಲ್ಲೇ ಇದೆ. ನೋಟಿನ ಸಂಖ್ಯೆ, ಸಹಿ, ಗುಟ್ಟು ಮೂರನ್ನೂ ಪೊಲೀಸರಿಗೆ ಕೊಟ್ಟರೆ ಎರಡು ಸಂಗತಿಗಳು ರುಜುವಾತಾಗುತ್ತವೆ: ಈ ನೋಟು ಇವರ ಖಾತೆಯಿಂದಲೇ ಹೊರಟದ್ದು, ಮತ್ತು ಅದು ಇಂಥ ಹೊತ್ತಿನಲ್ಲಿ ಇಂಥ ಖಾತೆಗೆ ಜಮಾ ಆದದ್ದು. ಊರಿನ ಬೇರೆ ಯಾರ ಪಾವತಿಯೂ ಇದರಿಂದ ಬಯಲಾಗುವುದಿಲ್ಲ. ತನಿಖೆಯ ಬಾಗಿಲು ತೆರೆಯುವ ಹಕ್ಕು ಕೊಟ್ಟವರ ಬಳಿ ಇರುವುದೇ ಈ ವಿನ್ಯಾಸದ ದೊಡ್ಡ ಗುಣ, ಕೇಂದ್ರ ಬ್ಯಾಂಕುಗಳ ಚರ್ಚೆಯಲ್ಲಿ ಇದಕ್ಕೆ ಸಿಗಬೇಕಾದ ಗಮನ ಸಿಕ್ಕಿಲ್ಲ.

ಇದನ್ನು ಸಾಧಿಸಲು ಮಾಡಬೇಕಾದ ಕೆಲಸ ಚಿಕ್ಕದು: ಖರ್ಚಾದ ನೋಟುಗಳ ಗುಟ್ಟನ್ನು ವಾಲೆಟ್ ಅಳಿಸದೆ ಒಂದಿಷ್ಟು ತಿಂಗಳು ಫೋನಿನಲ್ಲೇ ಕಾಪಾಡಬೇಕು, ದೂರಿನ ಜೊತೆ ಕೊಡಲು ಒಂದು ಗುಂಡಿ ಇರಬೇಕು. ವಂಚಕರು ಬಾಧಿತರಿಂದಲೇ ಆ್ಯಪ್ ಅಳಿಸಿಹಾಕಿಸುವುದು ಸಾಮಾನ್ಯ, ಆದ್ದರಿಂದ ಬಳಕೆದಾರರ ಪಾಸ್‌ವರ್ಡಿನಿಂದ ಮುಚ್ಚಿದ ಬ್ಯಾಕಪ್ಪೂ ಬೇಕು.

ಹೋಲಿಕೆಗೆ ಬಿಟ್‌ಕಾಯಿನ್ ನೋಡಿ. ಅಲ್ಲಿ ಹೆಸರಿಲ್ಲ, ಆದರೆ ಎಲ್ಲ ವರ್ಗಾವಣೆಯೂ ಲೋಕಕ್ಕೆಲ್ಲ ಕಾಣುತ್ತದೆ. 2021ರ ಮೇ ತಿಂಗಳಲ್ಲಿ ಅಮೆರಿಕದ ಇಂಧನ ಕೊಳವೆಮಾರ್ಗದ ಕಲೋನಿಯಲ್ ಪೈಪ್‌ಲೈನ್ ಕಂಪನಿ ಸುಲಿಗೆಕೋರರಿಗೆ ಕೊಟ್ಟ 75 ಬಿಟ್‌ಕಾಯಿನ್‌ಗಳಲ್ಲಿ 63.7ನ್ನು ಎಫ್‌ಬಿಐ ಬೆನ್ನಟ್ಟಿ ವಶಪಡಿಸಿಕೊಂಡಿತು. ಟೊರ್ನಾಡೊ ಕ್ಯಾಶ್ ಇದಕ್ಕೆ ತದ್ವಿರುದ್ಧ. ಬಿಟ್‌ಕಾಯಿನ್‌ನಂಥದೇ ಇನ್ನೊಂದು ಹಣವಾದ ಈಥರನ್ನು 0.1, 1, 10, 100ರ ಸಾಮೂಹಿಕ ಕೊಳಗಳಿಗೆ ಹಾಕಿ, ಸಂಬಂಧವೇ ಇಲ್ಲದ ಹೊಸ ವಿಳಾಸದಲ್ಲಿ ತೆಗೆಯುವ ವ್ಯವಸ್ಥೆ ಅದು. ಕೊಡುವವರೂ ಮರೆ, ಪಡೆಯುವವರೂ ಮರೆ, ಮಿತಿಯೂ ಇಲ್ಲ. ಅಮೆರಿಕ 2022ರ ಆಗಸ್ಟ್‌ನಲ್ಲಿ ಅದರ ಮೇಲೆ ನಿರ್ಬಂಧ ಹೇರಿತು, ನ್ಯಾಯಾಲಯದ ತೀರ್ಪಿನ ನಂತರ 2025ರ ಮಾರ್ಚ್‌ನಲ್ಲಿ ತೆಗೆಯಿತು. ತಾನಾಗಿ ಓಡುವ ತಂತ್ರಾಂಶವನ್ನು ಕಟ್ಟಿ ಮುಗಿಸಿದ ಮೇಲೆ ಕಾನೂನು ಅದರ ಹಿಂದೆ ಓಡುವುದು ಎಷ್ಟು ಕಷ್ಟ ಎಂಬುದು ಈ ಎರಡೂವರೆ ವರ್ಷಗಳಲ್ಲಿ ಕಂಡಿತು.

ಅಪಹರಣಕಾರನ ಲೆಕ್ಕ

ಕೊಡುವವರಿಗೆ ಮರೆ ಕೊಡುವ ವ್ಯವಸ್ಥೆಯಲ್ಲೂ ಒಂದು ದೊಡ್ಡ ತೂತಿದೆ. ಅದನ್ನು 1992ರಲ್ಲಿ ಸೆಬಾಸ್ಟಿಯಾನ್ ವಾನ್ ಸೋಮ್ಸ್ ಮತ್ತು ಡೇವಿಡ್ ನಕಾಶ್ ತೋರಿಸಿದರು. ಅಪಹರಣಕಾರ ತಾನೇ ಕ್ರಮಸಂಖ್ಯೆ ಆರಿಸಿ, ತನ್ನದೇ ಗುಟ್ಟಿನಿಂದ ಮುಚ್ಚಿ, ಮುಚ್ಚಿದ ಸಂಖ್ಯೆಗಳ ಪಟ್ಟಿಯನ್ನು ಕಳಿಸುತ್ತಾನೆ. 'ಇವಕ್ಕೆ ಬ್ಯಾಂಕಿನ ಸಹಿ ಹಾಕಿಸಿ ಪತ್ರಿಕೆಯಲ್ಲಿ ಪ್ರಕಟಿಸಿ' ಎನ್ನುತ್ತಾನೆ. ಪತ್ರಿಕೆ ಕೊಂಡವರು ಸಾವಿರಾರು ಜನ, ಗುಟ್ಟು ಗೊತ್ತಿರುವುದು ಅವನೊಬ್ಬನಿಗೆ. ಭಾಗಿಸಿ ನೋಟು ಮಾಡಿಕೊಳ್ಳುತ್ತಾನೆ. ಹಣ ಇಸಿದುಕೊಳ್ಳಲು ಎಲ್ಲೂ ಬರಬೇಕಿಲ್ಲ, ನೋಟಿನ ಸಂಖ್ಯೆ ಬರೆದಿಟ್ಟುಕೊಳ್ಳಲು ಪೊಲೀಸರಿಗೂ ದಾರಿಯಿಲ್ಲ. ಇಲ್ಲಿ ಅಪರಾಧಿಯೇ ಕೊಡುವವರ ಜಾಗದಲ್ಲಿ ಕೂತು ಅವರಿಗೆಂದು ಇಟ್ಟ ಮರೆಯನ್ನು ಬಳಸಿಕೊಳ್ಳುತ್ತಿದ್ದಾನೆ. ಬಾಧಿತರ ವಾಲೆಟ್‌ನಲ್ಲಿ ಗುಟ್ಟಿಲ್ಲ, ಹಾಗಾಗಿ ಹಿಂದಿನ ಉಪಾಯ ನಡೆಯುವುದಿಲ್ಲ.

ಮೊದಲ ಅಡ್ಡಗಟ್ಟು ಸರಳ: ಒಬ್ಬರು ತಿಂಗಳಿಗೆ ಇಂತಿಷ್ಟೇ ಹಣವನ್ನು ಈ ರೂಪದಲ್ಲಿ ತೆಗೆಯಬಹುದು ಎಂಬ ಮಿತಿ. ಹಣ ತೆಗೆಯುವುದು ಪರಿಚಿತ ಖಾತೆಯಿಂದಲೇ ಆದ್ದರಿಂದ ಈ ಮಿತಿ ಜಾರಿಗೆ ಯಾರ ಖರ್ಚನ್ನೂ ನೋಡಬೇಕಿಲ್ಲ. ಕೋಟಿಗಟ್ಟಲೆ ಒತ್ತೆಹಣ ಕೇಳುವವನಿಗೆ ಈ ಹಣ ಕೆಲಸಕ್ಕೆ ಬರುವುದಿಲ್ಲ.

ಎರಡನೆಯದು ಕೀಲಿ ಬದಲಾವಣೆ. ಪ್ರತಿ ಮುಖಬೆಲೆಯ ಸಹಿ ಕೀಲಿಗೂ ಅವಧಿ ಇರಬೇಕು. ಮಾರ್ಚ್ ತಿಂಗಳ 500ರ ಕೀಲಿ ಸುಲಿಗೆಗೆ ಬಳಕೆಯಾಗಿದ್ದರೆ ಬ್ಯಾಂಕು ಅದನ್ನು ರದ್ದು ಮಾಡಿ, ಆ ತಿಂಗಳ 500ರ ನೋಟು ಇರುವವರೆಲ್ಲ ತಾವೇ ತೆಗೆದದ್ದೆಂದು ತೋರಿಸಿ ಬದಲಿಸಿಕೊಳ್ಳಿ ಎನ್ನಬಹುದು. ಪ್ರಾಮಾಣಿಕರು ತಮ್ಮ ಗುಟ್ಟು ತೋರಿಸಿ ಹೊಸ ನೋಟು ಪಡೆಯುತ್ತಾರೆ, ಸುಲಿಗೆಕೋರ ತೋರಿಸಿದರೆ ಬಾಧಿತರ ಖಾತೆಯ ಹೆಸರು ಹೊರಬೀಳುತ್ತದೆ. ಇದರ ಬೆಲೆಯೂ ಗೊತ್ತಿರಲಿ. ಅವಧಿ ಉದ್ದವಾದರೆ ಲಕ್ಷಾಂತರ ನಿರಪರಾಧಿಗಳು ನೋಟು ಬದಲಿಸಲು ಅಲೆಯಬೇಕು. ಅವಧಿ ತೀರ ಚಿಕ್ಕದಾದರೆ, ಒಂದು ದಿನದ ಕೀಲಿ ಎಂದುಕೊಳ್ಳಿ, ಆ ಕೀಲಿಯಲ್ಲಿ ನೋಟು ತೆಗೆದವರು ನೂರಿನ್ನೂರು ಜನ ಮಾತ್ರ, ಅಷ್ಟರೊಳಗೆ ಯಾರದ್ದೆಂದು ಊಹಿಸುವುದು ಸುಲಭ. ದೊಡ್ಡ ಮುಖಬೆಲೆಗಳನ್ನು ತೆಗೆಯುವವರೇ ಕಡಿಮೆ, ಅಲ್ಲಿ ಗುಂಪು ಇನ್ನೂ ಸಣ್ಣದು. ಸಣ್ಣ ಬೆಲೆಯ ನೋಟುಗಳಿಗೆ ಚಿಕ್ಕ ಅವಧಿ, ದೊಡ್ಡ ಬೆಲೆಗೆ ತುಸು ಉದ್ದದ ಅವಧಿ ಇಡುವುದೇ ಲೇಸು.

ಮೂರನೆಯ ದಾರಿ ನ್ಯಾಸಧಾರಿಗಳ, ಅಂದರೆ ನಂಬಿ ಕೀಲಿ ಒಪ್ಪಿಸಬಹುದಾದ ಮೂರನೆಯವರ, ಕೈಗೆ ಕೀಲಿ ಕೊಡುವುದು. 1995ರಲ್ಲಿ ಸ್ಟಾಡ್ಲರ್, ಪಿವೆಟೊ, ಕಾಮೆನಿಶ್ ಮಂಡಿಸಿದ 'ಫೇರ್ ಬ್ಲೈಂಡ್ ಸಿಗ್ನೇಚರ್' ಈ ಜಾಡಿನದು. ನ್ಯಾಯಾಲಯದ ಆದೇಶ ಬಂದರೆ ನ್ಯಾಸಧಾರಿ ಕೊಂಡಿಯನ್ನು ಬಿಡಿಸಿ ತೋರಿಸಬಹುದು, ಎರಡು ದಿಕ್ಕಿನಲ್ಲಿ. ಸುಲಿಗೆಯಲ್ಲಿ ಹೊರಟ ನೋಟು ಎಲ್ಲಿ ಖರ್ಚಾಗುತ್ತದೆ ಎಂದು ಮುಂದಕ್ಕೆ ಹುಡುಕುವುದು ಒಂದು, ಅನುಮಾನಾಸ್ಪದ ಖಾತೆಗೆ ಬಂದ ನೋಟು ಯಾರಿಂದ ಹೊರಟಿತ್ತು ಎಂದು ಹಿಂದಕ್ಕೆ ಹುಡುಕುವುದು ಇನ್ನೊಂದು. ಇವೆರಡಕ್ಕೂ ಬೇರೆ ಬೇರೆ ಕೀಲಿ, ಬೇರೆ ಬೇರೆ ಮಟ್ಟದ ಆದೇಶ ಇರಬೇಕು. ಮೊದಲನೆಯದು ಒಂದು ದೂರಿಗೆ ಸೀಮಿತ. ಎರಡನೆಯದನ್ನು ಒಂದು ಸಂಘಟನೆಯ ದೇಣಿಗೆ ಖಾತೆಯ ಮೇಲೆ ತಿರುಗಿಸಿದರೆ ದೇಣಿಗೆ ಕೊಟ್ಟವರ ಪೂರ್ತಿ ಪಟ್ಟಿ ಕೈಗೆ ಬರುತ್ತದೆ.

ನ್ಯಾಸಧಾರಿಗಳ ದಾರಿ ಎಲ್ಲಿ ಕೆಡುತ್ತದೆ ಎಂಬುದಕ್ಕೆ ಹಳೆಯ ಪಾಠವಿದೆ. 1993ರಲ್ಲಿ ಅಮೆರಿಕ ಸರ್ಕಾರ ಫೋನ್ ಮಾತನ್ನು ಗೂಢಲಿಪಿಗೆ ತಿರುಗಿಸುವ ಕ್ಲಿಪ್ಪರ್ ಚಿಪ್ ತಂದಾಗ ಫೋನ್ ಸಂಭಾಷಣೆಯ ಕೀಲಿಯನ್ನು ಎರಡು ಸರ್ಕಾರಿ ಸಂಸ್ಥೆಗಳ ಬಳಿ ಅರ್ಧರ್ಧ ಇಡುವುದೆಂದಾಗಿತ್ತು. ಮರುವರ್ಷವೇ ಗೂಢಲಿಪಿ ಸಂಶೋಧಕ ಮ್ಯಾಟ್ ಬ್ಲೇಜ್, ಕೀಲಿ ಪತ್ತೆಗೆಂದು ಸೇರಿಸಿದ ಮಾಹಿತಿಯ ತಾಳೆ ಸಂಖ್ಯೆ ಬರೀ 16 ಬಿಟ್ ಉದ್ದದ್ದು, ಅದನ್ನು ನಕಲಿ ಮಾಡಿ ಕಣ್ಗಾವಲನ್ನು ತಪ್ಪಿಸಿಕೊಳ್ಳಬಹುದು ಎಂದು ತೋರಿಸಿದರು. ಯೋಜನೆ ನೆಲಕಚ್ಚಿತು. ಕಾನೂನು ಪಾಲಿಸುವವರು ಕಣ್ಗಾವಲಿಗೆ ಸಿಗುತ್ತಾರೆ, ತಪ್ಪಿಸಿಕೊಳ್ಳಬೇಕೆಂದಿರುವವರು ತಪ್ಪಿಸಿಕೊಳ್ಳುತ್ತಾರೆ ಎಂಬ ಸ್ಥಿತಿ ಅದು.

ಕೀಲಿ ಹಂಚುವುದೇ ಆದರೆ ಐವರಲ್ಲಿ ಹಂಚಿ ಮೂವರು ಕೂಡಿದರಷ್ಟೇ ತೆರೆಯುವಂತೆ ಮಾಡುವುದು ವಾಡಿಕೆ. ಕಾಗದದ ಮೇಲೆ ಚೆನ್ನಾಗಿಯೇ ಕಾಣುತ್ತದೆ. ಐವರೂ ಒಂದೇ ಸಚಿವಾಲಯಕ್ಕೆ ಸೇರಿದವರಾದರೆ, ಐದೂ ಯಂತ್ರಗಳು ಒಂದೇ ಡೇಟಾ ಕೇಂದ್ರದಲ್ಲಿದ್ದು ಒಂದೇ ಗುತ್ತಿಗೆದಾರ ನೋಡಿಕೊಂಡರೆ, ಅದು ಒಬ್ಬನ ಕೈಯಲ್ಲಿರುವ ಕೀಲಿಯೇ. ಇನ್ನೊಂದು ಕೆಡುಕು ಅಭ್ಯಾಸದಿಂದ ಬರುತ್ತದೆ: ದಿನಕ್ಕೆ ನೂರು ಕೋರಿಕೆ ಬಂದರೆ ಓದದೆ ಒಪ್ಪಿಗೆ ಒತ್ತುವುದು. ಪ್ರತಿ ಬಳಕೆಯೂ ತಿದ್ದಲಾಗದ ಬಹಿರಂಗ ದಾಖಲೆಗೆ ಸೇರಬೇಕು, ಯಾರನ್ನು ಹುಡುಕಿದರು ಎಂಬುದು ಬೇಡ, ಎಷ್ಟು ಸಲ, ಯಾವ ದಿಕ್ಕಿನಲ್ಲಿ, ಯಾವ ನ್ಯಾಯಾಲಯದ ಆದೇಶದ ಮೇಲೆ ಎಂಬುದಾದರೂ ಸೇರಬೇಕು. ಕ್ಯೂಗ್ಲರ್ ಮತ್ತು ಫೋಗ್ಟ್ 2001ರ ಸುಮಾರಿಗೆ ಮಂಡಿಸಿದ ವಿಧಾನ ನನಗೆ ಇನ್ನೂ ಮೆಚ್ಚುಗೆ: ನ್ಯಾಸಧಾರಿಯೇ ಇಲ್ಲ. ಆದೇಶವಿದ್ದರೆ ಬ್ಯಾಂಕು ಹೊರಡಿಸುವಾಗಲೇ ನೋಟಿಗೆ ಗುಟ್ಟಿನ ಗುರುತು ಹಾಕಬಹುದು, ಆದರೆ ಅವಧಿ ಮುಗಿದ ಮೇಲೆ ತನ್ನ ನೋಟಿಗೆ ಗುರುತು ಹಾಕಲಾಗಿತ್ತೇ ಎಂಬುದನ್ನು ಪ್ರತಿಯೊಬ್ಬರೂ ಪರೀಕ್ಷಿಸಬಹುದು. ಆದೇಶವಿಲ್ಲದೆ ಗುರುತು ಹಾಕಿದ್ದರೆ ಬ್ಯಾಂಕಿನ ತಪ್ಪಿಗೆ ಸಾಕ್ಷಿ ನಾಗರಿಕರ ಕೈಯಲ್ಲೇ ಇರುತ್ತದೆ.

ಮಿತಿ ಯಾರಿಗೆ, ಫೋನ್ ನಂಬರಿಗೋ ಮನುಷ್ಯನಿಗೋ?

ಚೀನಾದ ಕೇಂದ್ರ ಬ್ಯಾಂಕಿನ ಡಿಜಿಟಲ್ ಹಣವಾದ ಇ-ಯುವಾನ್ 'ನಿಯಂತ್ರಿತ ಅನಾಮಧೇಯತೆ' ಎಂಬ ಹೆಸರಿನಲ್ಲಿ ವಾಲೆಟ್‌ಗಳಿಗೆ ದರ್ಜೆ ಮಾಡಿದೆ. ಬರೀ ಫೋನ್ ನಂಬರಿನಿಂದ ತೆರೆಯುವ ಕೊನೆಯ ದರ್ಜೆಯಲ್ಲಿ ಒಂದು ಪಾವತಿಗೆ 2,000, ದಿನಕ್ಕೆ 5,000, ಬಾಕಿ 10,000 ಯುವಾನ್ ಮಿತಿ. ಫೋನ್ ನಂಬರೇ ಗುರುತಿನ ಚೀಟಿಯ ಮೇಲೆ ಸಿಗುವುದರಿಂದ ಅಲ್ಲಿ ಸರ್ಕಾರದಿಂದ ಮರೆ ಎಂಬುದೇ ಇಲ್ಲ, ಅಂಗಡಿಯವರಿಂದ ಅಷ್ಟೇ.

ನಮ್ಮಲ್ಲಿ ರಿಸರ್ವ್ ಬ್ಯಾಂಕಿನ 2021ರ ನಿರ್ದೇಶನದಂತೆ ಕನಿಷ್ಠ ವಿವರ ಕೊಟ್ಟು ತೆರೆಯುವ ಸಣ್ಣ ಪ್ರೀಪೇಯ್ಡ್ ವಾಲೆಟ್‌ನಲ್ಲಿ ಯಾವ ಹೊತ್ತಿಗೂ 10,000 ರೂಪಾಯಿಗಿಂತ ಹೆಚ್ಚು ಇರುವಂತಿಲ್ಲ. ಪೂರ್ಣ ಕೆವೈಸಿ ಆದ ವಾಲೆಟ್‌ಗೆ 2 ಲಕ್ಷ. ಇಂಥ ಮಿತಿ ಸೋಲುವುದು ಒಂದೇ ಕಾರಣಕ್ಕೆ. ಅದು ಫೋನ್ ನಂಬರಿಗೆ ಕಟ್ಟಿದ್ದಾಗ 50 ಸಿಮ್ ಇರುವವನಿಗೆ 50 ಮಿತಿ ಸಿಗುತ್ತದೆ. ದೊಡ್ಡ ಮೊತ್ತವನ್ನು ಚೂರುಮಾಡಿ ಹತ್ತಾರು ವಾಲೆಟ್‌ಗಳಲ್ಲಿ ಓಡಿಸುವುದು ಮ್ಯೂಲ್ ಖಾತೆ (ಅಕ್ರಮ ಹಣ ಸಾಗಿಸಲು ಬಾಡಿಗೆಗೆ ಪಡೆದ ಬೇರೆಯವರ ಖಾತೆ) ನಡೆಸುವವರ ನಿತ್ಯದ ಕಸುಬು. ಬ್ಲೈಂಡ್ ಸಹಿಯ ಹಣದಲ್ಲಿ ಮಿತಿ ಬೀಳುವುದು ಕೆವೈಸಿ ಆದ ಖಾತೆಯಿಂದ ತೆಗೆಯುವಾಗ ಮತ್ತು ಕೆವೈಸಿ ಆದ ಖಾತೆಗೆ ಜಮಾ ಮಾಡುವಾಗ. ನಡುವಿನ ಪಾವತಿಗಳಿಗೆ ಮಿತಿ ಬೇಕೆಂದರೂ ದಾರಿಯಿದೆ. 2019ರಲ್ಲಿ ಮಂಡನೆಯಾದ ಪಿಆರ್‌ಕ್ಯಾಶ್ ಎಂಬ ವಿನ್ಯಾಸದಲ್ಲಿ, ಈ ಅವಧಿಯಲ್ಲಿ ತಾನು ಅನಾಮಧೇಯವಾಗಿ ಪಡೆದ ಒಟ್ಟು ಮೊತ್ತ ಮಿತಿಯೊಳಗಿದೆ ಎಂಬುದನ್ನು ಮೊತ್ತ ಹೇಳದೆಯೇ ಗಣಿತದಿಂದ ರುಜುವಾತು ಮಾಡಬೇಕು. ಮಿತಿ ದಾಟಿದರೆ ಗುರುತು ತೋರಿಸಿಯೇ ಮುಂದುವರಿಯಬೇಕು.

ಇನ್ನೊಂದು ಎಚ್ಚರ. ಒಬ್ಬರು 13,740 ತೆಗೆದ ಎರಡೇ ನಿಮಿಷಕ್ಕೆ ಇನ್ನೊಬ್ಬರ ಖಾತೆಗೆ 13,740 ಜಮಾ ಆದರೆ ಗಣಿತ ಎಷ್ಟೇ ಗಟ್ಟಿಯಿದ್ದರೂ ಕೊಂಡಿ ಬಯಲು. ವಾಲೆಟ್ ಮೊದಲೇ ದುಂಡುಮೊತ್ತ ತೆಗೆದಿಟ್ಟುಕೊಂಡು ಆಮೇಲೆ ಖರ್ಚು ಮಾಡುವಂತಿರಬೇಕು. ತರಾತುರಿಯಲ್ಲಿರುವ ಅಪರಾಧಿ ಹಾಗೆ ಕಾಯುವುದಿಲ್ಲ, ತನಿಖೆಗೆ ಇದರಿಂದ ಸಹಾಯವೇ.

ನೆಟ್‌ವರ್ಕ್ ಇಲ್ಲದಾಗ

ಆಫ್‌ಲೈನ್ ಪಾವತಿಯಲ್ಲಿ ಬ್ಯಾಂಕಿನ ಪಟ್ಟಿ ನೋಡಲಾಗುವುದಿಲ್ಲ. 1988ರಲ್ಲಿ ಚೌಮ್, ಫಿಯಟ್, ನಾವೊರ್ ಇದಕ್ಕೊಂದು ಉಪಾಯ ಕೊಟ್ಟರು: ಒಮ್ಮೆ ಖರ್ಚು ಮಾಡಿದರೆ ಹೆಸರು ಮರೆಯಲ್ಲೇ ಇರುತ್ತದೆ, ಎರಡು ಸಲ ಮಾಡಿದರೆ ಬಯಲಾಗುತ್ತದೆ. ಮುಂದೆ ಬಂದ ಸರಳ ರೂಪದಲ್ಲಿ ಇದು ಸರಳರೇಖೆಯ ಲೆಕ್ಕ. ನಿಮ್ಮ ಗುರುತಿನ ಸಂಖ್ಯೆ 4271, ನೋಟಿನೊಳಗೆ ಹುದುಗಿದ ಗುಟ್ಟಿನ ಇಳಿಜಾರು 15 ಎಂದಿರಲಿ. ಅಂಗಡಿಯವರ ಯಂತ್ರ ಮನಬಂದ ಸಂಖ್ಯೆ 3 ಎಂದು ಕೇಳಿದರೆ ವಾಲೆಟ್ 15ನ್ನು 3ರಿಂದ ಗುಣಿಸಿ 4271 ಕೂಡಿಸಿ 4316 ಎಂದು ಉತ್ತರಿಸುತ್ತದೆ. ಒಂದು ಬಿಂದುವಿನಿಂದ ರೇಖೆ ಸಿಗುವುದಿಲ್ಲ. ಅದೇ ನೋಟನ್ನು ಇನ್ನೊಂದು ಅಂಗಡಿಯಲ್ಲಿ ಕೊಟ್ಟಾಗ ಅಲ್ಲಿ 10 ಎಂದು ಕೇಳಿದರೆ ಉತ್ತರ 4421. ಎರಡೂ ಬ್ಯಾಂಕಿಗೆ ಬಂದಾಗ ವ್ಯತ್ಯಾಸ 105ನ್ನು 7ರಿಂದ ಭಾಗಿಸಿದರೆ 15, ಅಲ್ಲಿಂದ 4271.

ಗಣಿತ ಸೊಗಸಾಗಿದೆ, ಆದರೆ ಸಿಕ್ಕಿಬೀಳುವುದು ಹಣ ಹೋದ ಮೇಲೆ. ಬಯಲಾದ ಗುರುತು ಬಾಡಿಗೆಗೆ ಖಾತೆ ಕೊಟ್ಟ ಬಡ ಕೂಲಿಯವನದ್ದಾದರೆ ವಸೂಲಿ ಮಾಡುವುದು ಯಾರಿಂದ? ಆದ್ದರಿಂದ ಆಫ್‌ಲೈನ್ ಹಣಕ್ಕೆ ಫೋನಿನ ಸುರಕ್ಷಿತ ಚಿಪ್ ಮತ್ತು ಸಣ್ಣ ಮಿತಿ ಎರಡೂ ಬೇಕು. ಒಂದು ಚಿಪ್ ಒಡೆಯಲು ತಗಲುವ ಖರ್ಚು ಅದರೊಳಗೆ ಇರಬಹುದಾದ ಹಣಕ್ಕಿಂತ ಬಹಳ ಹೆಚ್ಚಿದ್ದರೆ ಕಳ್ಳನಿಗೆ ಲಾಭವಿಲ್ಲ. ರಿಸರ್ವ್ ಬ್ಯಾಂಕು 2022ರ ಜನವರಿಯಲ್ಲಿ ಆಫ್‌ಲೈನ್ ಪಾವತಿಗೆ ಒಂದು ಸಲಕ್ಕೆ 200, ಒಟ್ಟು 2,000 ರೂಪಾಯಿ ಎಂದು ಶುರುಮಾಡಿ, 2024ರ ಡಿಸೆಂಬರ್‌ನಲ್ಲಿ ಯುಪಿಐ ಲೈಟ್‌ಗೆ 1,000 ಮತ್ತು 5,000ಕ್ಕೆ ಏರಿಸಿದ್ದು ಈ ಲೆಕ್ಕಕ್ಕೆ ಒಪ್ಪುವ ನಡೆ. ನೋಟು ಬ್ಯಾಂಕಿಗೆ ಮರಳದೆ ಕೈಯಿಂದ ಕೈಗೆ ಸುತ್ತಬೇಕೆಂದರೆ ಪ್ರತಿ ಕೈ ಬದಲಾದಾಗಲೂ ನೋಟಿನ ಗಾತ್ರ ಬೆಳೆಯಲೇಬೇಕು ಎಂದು ಚೌಮ್ ಮತ್ತು ಪೆಡರ್ಸನ್ 1992ರಲ್ಲೇ ಸಾಧಿಸಿದ್ದಾರೆ. ಅಂದರೆ ಎಷ್ಟು ಕೈ ಎಂಬುದಕ್ಕೂ ಮಿತಿ ಇಟ್ಟು, ಅದು ಮುಗಿದಾಗ ಆನ್‌ಲೈನ್‌ಗೆ ಬರುವಂತೆ ಮಾಡಬೇಕು.

ಡಿಜಿಟಲ್ ರೂಪಾಯಿಯ ಮುಂದಿರುವ ಆಯ್ಕೆ

2022ರ ಹಣಕಾಸು ಕಾಯ್ದೆ ರಿಸರ್ವ್ ಬ್ಯಾಂಕ್ ಕಾಯ್ದೆಗೆ ತಿದ್ದುಪಡಿ ತಂದು ಡಿಜಿಟಲ್ ನೋಟೂ ನೋಟೇ ಎಂದಿತು. ಆ ವರ್ಷ ಡಿಸೆಂಬರ್ 1ರಂದು ಚಿಲ್ಲರೆ ಡಿಜಿಟಲ್ ರೂಪಾಯಿಯ ಪ್ರಯೋಗ ಮುಂಬೈ, ದೆಹಲಿ, ಭುವನೇಶ್ವರದ ಜೊತೆ ಬೆಂಗಳೂರಿನಲ್ಲೂ ಆರಂಭವಾಯಿತು. ಕಾಗದದ ನೋಟಿನ ಮುಖಬೆಲೆಗಳಲ್ಲೇ ಟೋಕನ್, ಬ್ಯಾಂಕುಗಳ ಮೂಲಕ ವಾಲೆಟ್. ಸಣ್ಣ ಮೊತ್ತಕ್ಕೆ ನಗದಿನಂತೆ ಮರೆ, ದೊಡ್ಡ ಮೊತ್ತಕ್ಕೆ ಪತ್ತೆ ಎಂಬುದು ರಿಸರ್ವ್ ಬ್ಯಾಂಕಿನ ಪರಿಕಲ್ಪನಾ ಪತ್ರದ ನಿಲುವು. ಆಗಿನ ಗವರ್ನರ್ ಶಕ್ತಿಕಾಂತ ದಾಸ್ 2024ರಲ್ಲಿ, ಕಾನೂನಿನಿಂದಲೋ ತಂತ್ರಜ್ಞಾನದಿಂದಲೋ, ಉದಾಹರಣೆಗೆ ವಹಿವಾಟಿನ ದಾಖಲೆಯನ್ನು ಶಾಶ್ವತವಾಗಿ ಅಳಿಸುವುದರಿಂದ, ಇದನ್ನು ಸಾಧಿಸಬಹುದು ಎಂದಿದ್ದರು.

ಅಳಿಸುವುದಕ್ಕೂ ಸಂಗ್ರಹಿಸದೇ ಇರುವುದಕ್ಕೂ ಬಹಳ ದೂರ. ಅಳಿಸಿದ್ದಾರೆಯೇ ಎಂದು ನಾಗರಿಕರು ಪರೀಕ್ಷಿಸಲಾರರು, ಅಳಿಸುವ ಮುನ್ನ ಸೋರಿದ್ದು ಮರಳಿ ಬಾರದು. ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯಂತೂ ವಹಿವಾಟಿನ ದಾಖಲೆಯನ್ನು ಐದು ವರ್ಷ ಕಾಪಾಡಿ ಎನ್ನುತ್ತದೆ. ಬ್ಲೈಂಡ್ ಸಹಿಯಲ್ಲಿ ಈ ಘರ್ಷಣೆ ಹುಟ್ಟುವುದಿಲ್ಲ: ತೆಗೆದ ದಾಖಲೆ, ಜಮಾ ಆದ ದಾಖಲೆ ಎರಡನ್ನೂ ಐದು ವರ್ಷ ಇಡಬಹುದು, ಕೊಂಡಿ ಮೊದಲಿನಿಂದಲೂ ಇರುವುದೇ ಇಲ್ಲ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಪ್ರಕರಣದಲ್ಲಿ 2017ರಲ್ಲಿ ಸುಪ್ರೀಂ ಕೋರ್ಟ್ ಖಾಸಗಿತನವನ್ನು ಮೂಲಭೂತ ಹಕ್ಕೆಂದಿತು. ಅದರಲ್ಲಿ ಸರ್ಕಾರ ಕಾಲಿಡಬೇಕಾದರೆ ಕಾನೂನು ಇರಬೇಕು, ಉದ್ದೇಶಕ್ಕೆ ತಕ್ಕಷ್ಟೇ ಇರಬೇಕು ಎಂದಿತು. ಕಡಿಮೆ ಕಣ್ಗಾವಲಿನಲ್ಲಿ ಅದೇ ಅಪರಾಧವನ್ನು ತಡೆಯುವ ವಿನ್ಯಾಸ ಕೈಯಲ್ಲಿರುವಾಗ ಎಲ್ಲವನ್ನೂ ದಾಖಲಿಸುವುದು ಈ ಪರೀಕ್ಷೆಯಲ್ಲಿ ನಿಲ್ಲುವುದು ಕಷ್ಟ.

ಪಡೆಯುವ ಕಡೆ ಕಾವಲಿಡಿ ಎನ್ನುವುದಕ್ಕೂ ಬೆಲೆಯಿದೆ, ಅದನ್ನು ಕರ್ನಾಟಕ ಕಣ್ಣಾರೆ ಕಂಡಿದೆ. 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮಾ ಮೊತ್ತ ನೋಡಿ, ಸರಕಿಗೆ 40 ಲಕ್ಷ, ಸೇವೆಗೆ 20 ಲಕ್ಷದ ಜಿಎಸ್‌ಟಿ ಮಿತಿ ದಾಟಿದವರೆಂದು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ ಬೆಂಗಳೂರಿನ ಬೇಕರಿ, ತರಕಾರಿ ಅಂಗಡಿಗಳು 'ಯುಪಿಐ ಇಲ್ಲ, ನಗದು ಮಾತ್ರ' ಎಂದು ಚೀಟಿ ಅಂಟಿಸಿದವು. ಜಮಾ ಆದದ್ದೆಲ್ಲ ತೆರಿಗೆ ಬೀಳುವ ವಹಿವಾಟಲ್ಲ. ಹಾಲು, ತರಕಾರಿಯಂಥ ವಿನಾಯಿತಿ ಸರಕು, ಮನೆಯವರು ಕಳಿಸಿದ ಹಣ, ಕೈಸಾಲ ಎಲ್ಲವೂ ಅದರಲ್ಲಿ ಸೇರಿರುತ್ತವೆ. ಪಡೆಯುವವರ ಆದಾಯ ಕಾಣುವ ಹಣ ತರುವುದಾದರೆ ಆ ಮಾಹಿತಿ ಯಾವ ಇಲಾಖೆಗೆ, ಯಾವ ಮೊತ್ತದ ಮೇಲೆ, ಯಾವ ವಿಧಿಯಲ್ಲಿ ಹೋಗುತ್ತದೆ ಎಂಬುದು ಮೊದಲೇ ಬರೆದಿಟ್ಟ ನಿಯಮವಾಗಿರಬೇಕು. ಇಲ್ಲದಿದ್ದರೆ ಪ್ರಾಮಾಣಿಕ ವ್ಯಾಪಾರಿಯೇ ಕಾಗದದ ನೋಟಿಗೆ ಮರಳುತ್ತಾನೆ, ಆಗ ಕಾವಲಿಗೆ ಕಾಯಲು ಏನೂ ಉಳಿಯುವುದಿಲ್ಲ.

ಖಾತೆ ಸ್ಥಗಿತದ ವಿಷಯವೂ ಇದಕ್ಕೆ ಅಂಟಿಕೊಂಡಿದೆ. ವಂಚನೆಯ ಹಣದ 300 ರೂಪಾಯಿ ಎಲ್ಲೋ ಸುತ್ತಿ ಬೀಡಾ ಅಂಗಡಿಯ ಖಾತೆಗೆ ಬಂದರೆ ಪೊಲೀಸರ ಒಂದು ಇಮೇಲ್‌ಗೆ ಆ ಖಾತೆ ಇಡಿಯಾಗಿ ನಿಂತುಹೋಗುವುದು ಇಂದಿನ ವಾಸ್ತವ. ಬಿಎನ್‌ಎಸ್‌ಎಸ್‌ನ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ) 106ನೇ ಕಲಂ ಇದಕ್ಕೆ ಬಳಕೆಯಾಗುತ್ತಿದೆ. ಟೋಕನ್ ಹಣದಲ್ಲಿ ದೂರಿನ ನೋಟು ಯಾವುದೆಂಬುದು ಕ್ರಮಸಂಖ್ಯೆಯ ಮಟ್ಟದಲ್ಲಿ ಗೊತ್ತಿರುವುದರಿಂದ ಆ ನೋಟಿನ ಬೆಲೆಯಷ್ಟನ್ನೇ ತಡೆಹಿಡಿಯಬಹುದು. ಜಮಾ ಆದ ಹಣವನ್ನು ಹೊಸ ಅಥವಾ ಅನುಮಾನದ ಖಾತೆಗಳಲ್ಲಿ ಕೆಲವು ಗಂಟೆ ನಿಲ್ಲಿಸಿ ಬಿಡುವ ವ್ಯವಸ್ಥೆ ಇದ್ದರೆ 1930ಕ್ಕೆ ಬಂದ ದೂರಿಗೂ ಬೆಲೆ ಬರುತ್ತದೆ. ಯಾವ ಖಾತೆ ಅನುಮಾನದ್ದು ಎಂದು ಗುರುತಿಸುವ ಕೆಲಸಕ್ಕೆ ಬೆಂಗಳೂರಿನಲ್ಲಿರುವ ರಿಸರ್ವ್ ಬ್ಯಾಂಕ್ ಇನೊವೇಷನ್ ಹಬ್ ಕಟ್ಟಿರುವ ಮ್ಯೂಲ್‌ಹಂಟರ್ ಈಗಾಗಲೇ ಇದೆ. ಅದು ಪಡೆಯುವ ಖಾತೆಯ ನಡವಳಿಕೆಯನ್ನು ನೋಡಿ ಮ್ಯೂಲ್ ಖಾತೆಯನ್ನು ಹಿಡಿಯಲೆಂದೇ ಮಾಡಿದ್ದು, ಕೊಟ್ಟವರು ಯಾರೆಂಬುದು ಮರೆಯಲ್ಲಿದ್ದರೂ ಹಣ ಬಂದ ವೇಗ, ಹೊತ್ತು, ಮೊತ್ತ, ತಕ್ಷಣವೇ ಖಾಲಿಯಾಗುವ ರೀತಿ ಅದರ ಕಣ್ಣಿಗೆ ಬೀಳುತ್ತವೆ.